ಮದ್ದಕ್ಕನ ಗ್ರೇಸ್ ಪೀರಿಯಡ್

ಆಗಸ್ಟ್ 3, 2007. ಬೆಳಿಗ್ಗೆ 6.20

ಎರಡನೇ ಕಾಫಿ. ಆಡಿಟ್ ಪುಸ್ತಕ ಹದಿನಾಲ್ಕನೇ ಪುಟದಲ್ಲಿದೆ. ನಿನ್ನೆಯೂ ಅಲ್ಲೇ ಇತ್ತು.

ಸಿ.ಎ. ಫೈನಲ್, ಮೂರನೇ ಸಲ. ಹಿಂದಿನ ಎರಡನ್ನು ಅಟೆಂಪ್ಟ್ ಅನ್ನುವುದಕ್ಕಿಂತ ಆಟಂಪ್ಟ್ ಅನ್ನುವುದು ನ್ಯಾಯ. ಇನ್‌ಫೆಂಟ್ರಿ ರೋಡ್ ಆಫೀಸಿನಲ್ಲಿ ಸಾರ್ ನೇರವಾಗಿಯೇ ಹೇಳಿ ಕಳಿಸಿದ್ದಾರೆ: "ತನ್ಮಯಿ, ಇದೇ ಲಾಸ್ಟ್ ಎಕ್ಸಾಮ್ ಲೀವ್. ನವೆಂಬರ್‌ನಲ್ಲಿ ಆಗ್ಲಿಲ್ಲ ಅಂದ್ರೆ ಆ ಟೇಬಲ್ ಬೇರೆಯವರಿಗೆ."

ಆಡಿದ್ದು ಸಾಕು, ಇನ್ನು ಆಡಿಟ್ಟು.

ನಿಯಮಗಳನ್ನು ಬರೆದಿಡುತ್ತೇನೆ. ನಾಳೆ ಮರೆತವಳ ಹಾಗೆ ನಟಿಸಬಾರದಲ್ಲ. ಈ ಆನ್‌ಲೈನ್ ಆಟಕ್ಕೆ ತಿಂಗಳಿಗೊಂದು ಕಾರ್ಡ್, ದುಡ್ಡು ಕೊಟ್ಟು ಕೊಂಡು ನಂಬರ್ ಹಾಕಬೇಕು. ನನ್ನ ಕಾರ್ಡ್ 5ನೇ ತಾರೀಖು ಮುಗಿಯುತ್ತದೆ. ಅಲ್ಲಿಂದ ಮೂವತ್ತು ದಿನ ಹೊಸ ಕಾರ್ಡ್ ಹಾಕದಿದ್ದರೆ ಆಟದೊಳಗಿನ ನನ್ನ ಆಳನ್ನೇ ಅಳಿಸಿಬಿಡುತ್ತಾರೆ. ಅಂದರೆ ಮದ್ದಕ್ಕ. ಹಸಿರು ನಿಲುವಂಗಿ, ಹೆಗಲಿಗೆ ಔಷಧಿ ಚೀಲ. ಯುದ್ಧದಲ್ಲಿ ಬಿದ್ದವರನ್ನೆಲ್ಲ ಎಬ್ಬಿಸುವವಳು. ಎರಡು ವರ್ಷ ಸಾಕಿದ್ದೇನೆ.

ಹೋಗಲಿ ಅವಳು.

ಅದೇ ದಿನ, ಸಂಜೆ

ಕೆಲಸ ಮುಗಿಯಿತು. ಅಪ್ಪನ ಕೈಯಿಂದಲೇ ಆಟದ ಪಾಸ್‌ವರ್ಡ್ ಬದಲಿ ಮಾಡಿಸಿದೆ. ಅವರು ಒಂದೇ ಬೆರಳಲ್ಲಿ ಟೈಪ್ ಮಾಡುವಾಗ ಗೋಡೆಯ ಕ್ಯಾಲೆಂಡರ್ ನೋಡುತ್ತಾ ನಿಂತಿದ್ದೆ.

"ಆಯ್ತು ಕಣೆ. ಮುಂದೆ?"

"ಮುಂದೇನಿಲ್ಲ ಅಪ್ಪ. ನಂಗೆ ಹೇಳ್ಬೇಡ ಅಷ್ಟೆ. ಕಾರ್ಡ್ ತಾನಾಗೇ ಮುಗಿಯತ್ತೆ, ಬಿಟ್ಬಿಡು."

"ಬಿಟ್ಬಿಡೋದು ಅಂದ್ರೆ... ಲ್ಯಾಪ್ಸ್ ಮಾಡೋದಾ?"

"ಹೂಂ. ಲ್ಯಾಪ್ಸ್."

ಮುಖ ನೋಡಬೇಕಿತ್ತು. ಮೂವತ್ತೊಂದು ವರ್ಷ ವಿಮಾ ಕಚೇರಿಯಲ್ಲಿ ಕೂತು, ಕಂತು ಕಟ್ಟದವರಿಗೆ ನೆನಪಿನ ಪತ್ರ ಬರೆದು ಮಾರ್ಚಿನಲ್ಲಿ ರಿಟೈರ್ ಆದ ಮನುಷ್ಯ. ಅವರ ಎದುರು ಆ ಶಬ್ದವನ್ನು ಅಷ್ಟು ಹಗುರವಾಗಿ ಆಡಬಾರದಿತ್ತೇನೋ.

ಅಮ್ಮನದು ಇನ್ನೂ ಸರಳ. ಮೋಡೆಮ್ ಕಿತ್ತು ಹಿತ್ತಾಳೆ ಪಾತ್ರೆಗಳ ಬೀರುವಿನಲ್ಲಿಟ್ಟು ಬೀಗ ಹಾಕಿದಳು. "ನಾನು ಚಾತುರ್ಮಾಸ್ಯಕ್ಕೆ ತರಕಾರಿ ಬಿಟ್ಟಿಲ್ವೇನೆ? ನೀನು ಇದನ್ನ ಬಿಡು."

ಆಗಸ್ಟ್ 11

ಪುಟ 97! ಬೆರಳು ಮಾತ್ರ ಮೇಜಿನ ಮೇಲೆ ತಾನಾಗಿ ಕುಣಿಯುತ್ತದೆ. ಗಿಲ್ಡ್ ಬಿಟ್ಟೆ, ಗಿಲ್ಟ್ ಬಿಡುತ್ತಿಲ್ಲ. ಗಿಲ್ಡ್ ಅಂದರೆ ನಮ್ಮ ತಂಡ, ಹನ್ನೆರಡು ಜನ. ನಾನಿಲ್ಲದೆ ಅವರನ್ನು ಯಾರು ಎಬ್ಬಿಸುತ್ತಾರೋ.

ಸೆಪ್ಟೆಂಬರ್ 5

ಮೂವತ್ತು ದಿನ ಮುಗಿದವು. ಮದ್ದಕ್ಕ ಇಲ್ಲ.

ಊಟ ಸೇರಲಿಲ್ಲ. ಅಮ್ಮ ಹಣೆ ಮುಟ್ಟಿ ನೋಡಿದಳು. ಏನು ಹೇಳುವುದು, ಇಲ್ಲದವಳು ಇಲ್ಲವಾದಳು ಅಂತಲೇ? ಅಪ್ಪ ತಟ್ಟೆಯಿಂದ ತಲೆ ಎತ್ತಲಿಲ್ಲ.

ಆದರೆ ರಾತ್ರಿ ಕಂಪನಿ ಕಾನೂನು ಮೂರು ಅಧ್ಯಾಯ ಒಂದೇ ಉಸಿರಿಗೆ. ತೆರೆದ ಬಾಗಿಲಿಗಿಂತ ಗೋಡೆ ವಾಸಿ.

ಅಕ್ಟೋಬರ್ 20. ಮಧ್ಯಾಹ್ನ

ವಾಜಿದಾ ಫೋನ್ ಮಾಡಿದ್ದಳು. ಬಿ.ಕಾಂ. ಗೆಳತಿ, ರಸೆಲ್ ಮಾರ್ಕೆಟ್ ಹಿಂದಿನ ಮನೆ. ತಂಡಕ್ಕೆ ನನ್ನನ್ನು ಎಳೆದವಳೇ ಅವಳು.

"ಕ್ಯಾ ರೇ ತನು, ಓದ್ತೀನಿ ಅಂತ ನಾಟಕಾನಾ? ದಿನಾ ಬಂದು ನಿಂತ್ಕೋತೀಯಲ್ಲ!"

"ಎಲ್ಲಿ?"

"ಆಟದಲ್ಲಿ, ಬಾವಿ ಹತ್ರ. ಬೆಳಿಗ್ಗೆ ಏಳೂ ಹತ್ತಕ್ಕೆ ಬರ್ತೀಯ, ಏಳೂ ಇಪ್ಪತ್ತೈದಕ್ಕೆ ಹೋಗ್ತೀಯ. ಮಾತಾಡ್ಸಿದ್ರೆ ಬರೀ ಕೈ ಮುಗೀತೀಯ. ಇಷ್ಟು ಘಮಂಡ್ ನಕ್ಕೋ ಮಾ, ಜಂಭ ಒಳ್ಳೇದಲ್ಲ."

"ನಾನಲ್ಲ ವಾಜಿದಾ. ಮದ್ದಕ್ಕನ್ನ ಅಳಿಸ್ಬಿಟ್ಟಿದಾರೆ."

"ಹಾಂ, ಹಾಗಾದ್ರೆ ಭೂತ. ಚೆನ್ನಾಗಿ ಕೈ ಮುಗಿಯತ್ತೆ."

ಪರೀಕ್ಷೆಗೆ ಹದಿಮೂರು ದಿನ ಉಳಿದಿದೆ. ಯಾರೋ ನನ್ನ ಅಕೌಂಟಿನೊಳಗೆ ನುಗ್ಗಿದ್ದಾರೆ. ಎರಡು ವರ್ಷದ ಚೀಲ, ಮದ್ದು, ಎಲ್ಲ ಅವರ ಕೈಯಲ್ಲಿ. ಅಥವಾ... ಅವಳು ಬದುಕಿದ್ದಾಳೆ. ಯಾವುದು ಹೆಚ್ಚು ಭಯವೋ ಗೊತ್ತಾಗುತ್ತಿಲ್ಲ.

ಅಕ್ಟೋಬರ್ 21

ಒಂದು ಪುಟ. ಅದೂ ನಾಲ್ಕು ಸಲ.

ಏಳೂ ಹತ್ತು. ಏಳೂ ಇಪ್ಪತ್ತೈದು. ಯಾವ ಕಳ್ಳ ಇಷ್ಟು ಶಿಸ್ತಾಗಿ ಹಾಜರಿ ಹಾಕುತ್ತಾನೆ?

ಅಪ್ಪ ವಾಕಿಂಗಿಗೆ ಹೊರಡುವುದು ಆರೂ ಮುಕ್ಕಾಲಿಗೆ.

ಅಕ್ಟೋಬರ್ 22. ಬೆಳಿಗ್ಗೆ 8

ಹಿಂದೆಯೇ ಹೋದೆ. ಕಾಲೋನಿ ಗೇಟು, ಹಲಸೂರು ಕೆರೆ ಕಡೆ ಅಲ್ಲ, ಬಲಕ್ಕೆ. ಮುನಿರಾಜಪ್ಪನವರ ಬ್ರೌಸಿಂಗ್ ಸೆಂಟರ್. ಅವರಾಗಲೇ ಊದುಬತ್ತಿ ಹಚ್ಚಿ ಕೂತಿದ್ದರು.

"ಬಾಮ್ಮಾ. ನಾಣಿ ಸಾರ್ ಮಗಳಲ್ವಾ? ಒಳಗವ್ರೆ, ನಾಲ್ಕನೇ ಸೀಟು. ಅದು ಅವರ್ದೇ. ಬ್ಯಾರೆಯವರ್ಗೆ ಕೊಡಲ್ಲ ನಾನು."

ಮಂಕಿ ಕ್ಯಾಪ್ ಹಾಕಿಕೊಂಡ ಅಪ್ಪ. ಪರದೆಯ ಮೇಲೆ ಬಾವಿಕಟ್ಟೆ, ಹಸಿರು ನಿಲುವಂಗಿ. ಸುತ್ತ ಕತ್ತಿ ಗುರಾಣಿ ಹಿಡಿದ ಏಳೆಂಟು ಧಡಿಯರು, ಒಬ್ಬೊಬ್ಬರೇ ಬಂದು ಬಾಗುತ್ತಿದ್ದಾರೆ. ಅಪ್ಪ ಒಬ್ಬೊಬ್ಬರಿಗೂ ಬಟನ್ ಒತ್ತಿ ಮದ್ದಕ್ಕನಿಂದ ಕೈ ಮುಗಿಸುತ್ತಿದ್ದಾರೆ. ಯಾರನ್ನೂ ಬಿಡಲಿಲ್ಲ.

ನಗು ಬಂತು. ತಕ್ಷಣ ಸಿಟ್ಟು.

"ಅಪ್ಪ!"

"ಅಯ್ಯೋ... ತಿಂಡಿ ಆಯ್ತೇನೆ?" ಅಂದರು, ಪರದೆಗೆ ಎರಡೂ ಕೈ ಅಡ್ಡ ಇಟ್ಟು.

ಅಕ್ಟೋಬರ್ 23

ವಿಚಾರಣೆ ಅಡುಗೆಮನೆಯಲ್ಲಿ.

"ಲ್ಯಾಪ್ಸ್ ಆಗ್ಲಿ ಅಂದಿದ್ದೆ."

"ಹೂಂ ಅಂದಿದ್ದೆ. ಇಪ್ಪತ್ತೊಂಬತ್ತನೇ ದಿನದವರೆಗೂ ಸುಮ್ನಿದ್ದೆ ಕಣೆ. ಆಮೇಲೆ ಕಾಲು ತಾನಾಗೇ ಹೋಯ್ತು. ಕಂತು ತಪ್ಪಿದವರಿಗೆ ಗ್ರೇಸ್ ಪೀರಿಯಡ್ ಅಂತ ಇರೋದು ಯಾಕೆ ಹೇಳು?"

"ಕಾರ್ಡ್ ಹಾಕಿದೆ ಸರಿ. ದಿನಾ ಹೋಗಿ ನಿಲ್ಲೋದ್ಯಾಕೆ?"

"ಸರಿಯಾಗಿದಾಳಾ ಅಂತ ನೋಡೋಕೆ. ಅವರೆಲ್ಲ ನಮಸ್ಕಾರ ಮಾಡೋಕೆ ಶುರು ಮಾಡಿದ್ರು. ಹೋಗ್ದಿದ್ರೆ ತಪ್ಪು ತಿಳ್ಕೊಳಲ್ವಾ?"

ಅಮ್ಮ ಸೌಟು ಹಿಡಿದು ತಿರುಗಿದಳು. "ನಂಗೆ ವಾಕಿಂಗು ಅಂತ ಹೇಳಿದ್ರಲ್ಲ ರೀ!"

"ಅಲ್ಲೂ ಸ್ವಲ್ಪ ನಡೀತೀನಿ ಕಣೆ, ಬಾವಿ ಸುತ್ತ."

ಆಮೇಲೆ ಅಪ್ಪ ನಗಲಿಲ್ಲ. ಹಲಸೂರಿನ ಹೂವಿನ ಮುನಿವೆಂಕಟಮ್ಮನ ವಿಷಯ ಹೇಳಿದರು. ಗಂಡ ಹೋದಾಗ ಪಾಲಿಸಿ ಲ್ಯಾಪ್ಸ್ ಆಗಿ ನಾಲ್ಕು ದಿನವಾಗಿತ್ತಂತೆ. "ನಾಲ್ಕೇ ದಿನ ಕಣೆ. ಪತ್ರ ಬರ್ದಿದ್ದೆ. ಮನೆಗೆ ಹೋಗಿ ಹೇಳಿರ್ಲಿಲ್ಲ. ಅವತ್ತಿಂದ ನನ್ನ ಕೈಯಾರೆ ಒಂದೂ ಲ್ಯಾಪ್ಸ್ ಆಗೋಕೆ ಬಿಟ್ಟಿಲ್ಲ."

ಪಾಸ್‌ವರ್ಡ್ ಹೇಳಬೇಡ ಅಂದೆ. ಇಲ್ಲ ಅಂದರು.

ಅಕ್ಟೋಬರ್ 25

ಗೋಡೆ ಬಾಗಿಲಾಗಿದೆ. ಪರೋಕ್ಷ ತೆರಿಗೆ ಓದುತ್ತೇನೆ, ಪ್ರತ್ಯಕ್ಷ ಮದ್ದಕ್ಕ. ಅಪ್ಪ ಯಾವ ಪಾಸ್‌ವರ್ಡ್ ಇಟ್ಟಿರಬಹುದು ಎಂದು ಯೋಚಿಸುವುದಿಲ್ಲ. ಯೋಚಿಸುವುದಿಲ್ಲ.

ಅಕ್ಟೋಬರ್ 27

ಮೊದಲ ಸಲಕ್ಕೇ ತೆರೆಯಿತು.

ಅವರ ಮೊದಲ ಪಾಲಿಸಿಯ ನಂಬರ್. ಎಂಟನೇ ವಯಸ್ಸಿನಿಂದ ಅದರ ಚಲನ್ ತುಂಬಿದವಳು ನಾನೇ. ಊಹಿಸಿದೆ ಅನ್ನುವುದು ಸುಳ್ಳು, ಬೆರಳಿಗೆ ಗೊತ್ತಿತ್ತು.

"ಜೆರಾಕ್ಸ್ ಮಾಡಿಸಿ ಬರ್ತೀನಿ" ಅಂತ ಹೊರಟವಳು ಇಂದಿರಾನಗರದಲ್ಲೊಂದು ಸೆಂಟರ್ ಹೊಕ್ಕೆ. ಹನ್ನೊಂದಕ್ಕೆ ಒಳಗೆ, ನಾಲ್ಕಕ್ಕೆ ಹೊರಗೆ. ತಂಡ ಕುಣಿದಾಡಿತು. ಬಿದ್ದವರನ್ನು ಇಪ್ಪತ್ತಾರು ಸಲ ಎಬ್ಬಿಸಿದೆ.

ತೆರಿಗೆ ಓದಬೇಕಾದವಳು ತೆರೆಗೆ ಅಂಟಿದೆ. ಮಾತು ಚೆನ್ನಾಗಿದೆ. ಮಾರ್ಕ್ಸ್ ಬರುವುದಿಲ್ಲ.

ಅಕ್ಟೋಬರ್ 28

ಮತ್ತೆ. ಆರು ಗಂಟೆ.

ಅಕ್ಟೋಬರ್ 30

ನಿನ್ನೆಯೂ. ಇವತ್ತು ಚಪ್ಪಲಿ ಮೆಟ್ಟಿ ಗೇಟಿನವರೆಗೆ ಹೋಗಿ ತಿರುಗಿ ಬಂದು ಅಪ್ಪನ ಮುಂದೆ ಕೂತೆ. ಎಲ್ಲ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು.

"ಬೇರೆ ಪಾಸ್‌ವರ್ಡ್ ಹಾಕ್ಲಾ?"

"ಅದನ್ನೂ ಕಂಡುಹಿಡೀತೀನಿ ಅಪ್ಪ. ಅವಳು ಇದಾಳೆ ಅಂತ ಗೊತ್ತಿದ್ರೆ ನಾನು ಓದಲ್ಲ. ಅವಳನ್ನೇ ಅಳಿಸ್ಬೇಕು. ಡಿಲೀಟ್ ಅಂತ ಇದೆ. ನನ್ನ ಕೈಲಾಗಲ್ಲ."

"ನನ್ನ ಕೈಲಿ ಆಗತ್ತೆ ಅಂದ್ಕೊಂಡ್ಯಾ?"

ಮೂರು ದಿನ ಇದೆ. ನಾಲ್ಕು ಅಧ್ಯಾಯ ಮುಟ್ಟೇ ಇಲ್ಲ.

ನವೆಂಬರ್ 2. ಬೆಳಿಗ್ಗೆ 7

ಮೊದಲ ಪೇಪರ್ ಇವತ್ತು. ಹಾಲ್ ಟಿಕೆಟ್, ಎರಡು ಪೆನ್, ಕ್ಯಾಲ್ಕುಲೇಟರ್. ಎರಡು ದಿನದಲ್ಲಿ ಮೂರು ಅಧ್ಯಾಯ ಮುಗಿಸಿದೆ. ಹೇಗೋ.

ಆರೂ ಮುಕ್ಕಾಲಾದರೂ ಅಪ್ಪ ಹೊರಡಲಿಲ್ಲ. ಮಂಕಿ ಕ್ಯಾಪ್ ಮೊಳೆಯ ಮೇಲೇ ಇದೆ.

"ವಾಕಿಂಗ್ ಇಲ್ವಾ ಅಪ್ಪ?"

"ನಿನ್ನೆ ಮುಗೀತು ಕಣೆ."

ಅರ್ಥವಾಗಲು ಒಂದು ಕ್ಷಣ ಬೇಕಾಯಿತು.

"ಮೂರು ಸಲ ಕೇಳ್ತು ಅದು, ಅಳಿಸೋದು ಖಂಡಿತಾನಾ ಅಂತ. ಎರಡು ಸಲ ನೋ ಒತ್ತಿ ಎದ್ದು ಬಂದೆ. ಮುನಿರಾಜಪ್ಪ ಟೀ ಕೊಡಿಸಿದ್ರು. ಆಮೇಲೆ ಮತ್ತೆ ಹೋಗಿ ಬಾವಿ ಹತ್ರ ಎಲ್ಲರಿಗೂ ಹೇಳ್ದೆ."

"ಏನಂತ?"

"ಮಗಳಿಗೆ ಪರೀಕ್ಷೆ ಅಂತ. ಇಂಗ್ಲಿಷಲ್ಲಿ ಟೈಪ್ ಮಾಡಕ್ಕೆ ಹತ್ತು ನಿಮಿಷ ಆಯ್ತು. ಕಾದ್ರು ಪಾಪ. ಎಲ್ಲಾ ಕೈ ಮುಗಿದ್ರು. ಆಮೇಲೆ ಒತ್ತಿದೆ."

ಬಲಗೈ ತೋರುಬೆರಳನ್ನು ಪಂಚೆಗೆ ಒರೆಸಿಕೊಂಡರು, ಏನೋ ಅಂಟಿದ ಹಾಗೆ.

ಏಳೂ ಹತ್ತು. ಅಪ್ಪ ಗಡಿಯಾರ ನೋಡಿದರು. ಎದ್ದರು. ಚಪ್ಪಲಿ ಮೆಟ್ಟಿದರು. ನಿಂತರು. ಬಿಚ್ಚಿ ಮತ್ತೆ ಬಂದು ಕೂತರು. ಹಾಳೆ ತಿರುವುವ ಸದ್ದು ಮಾಡುತ್ತಿದ್ದಾರೆ, ಪೇಪರ್ ಓದುತ್ತಿಲ್ಲ.

"ಅಪ್ಪ, ಎಕ್ಸಾಮ್ ಹಾಲ್ ತನಕ ಬರ್ತೀಯಾ? ಗೇಟ್ ಹತ್ರ ಸುಮ್ನೆ ನಿಂತ್ಕೊಂಡಿರು, ಸಾಕು."

ಹೇಳಿ ಮುಗಿದಿಲ್ಲ, ಆಗಲೇ ಬೀದಿಯಲ್ಲಿ ಆಟೋ ನಿಲ್ಲಿಸಿ ಕೂಗುತ್ತಿದ್ದಾರೆ. ಮಂಕಿ ಕ್ಯಾಪ್ ಬೇರೆ ಹಾಕಿಕೊಂಡು. ಹೊರಡಬೇಕು, ಇನ್ನೊಂದು ಸಲ ಕೂಗಿದರೆ ಅಕ್ಕಪಕ್ಕದವರೆಲ್ಲ ಎದ್ದು ಬಂದು...