ದಿನವಿಡೀ ನೀರು ಬರುವ ಊರಿನಿಂದ

ದೆಸಾಂಪರಾದೋಸ್, ಕೋಸ್ಟಾರಿಕಾ
೧೬ ಡಿಸೆಂಬರ್ ೨೦೦೭

ನನ್ನ ಮುದ್ದು ಹಸಿಂತೋ,

ಮೂತಿ ಊದಿಸಿಕೊಂಡು ಕೂತಿರುತ್ತೀಯ, ಗೊತ್ತು. ನಿನ್ನ ಕಾಗದ ಬಂದು ಐದು ವಾರವಾಯಿತು. ಫೋನಿನಲ್ಲಿ ಕೇಳಿದಾಗಲೆಲ್ಲ "ಬರೀತೀನಿ, ಬರೀತೀನಿ" ಎಂದು ಜಾರಿಕೊಂಡೆ. ತಪ್ಪಾಯಿತು, ಕೆಲವು ಮಾತು ಫೋನಿನಲ್ಲಿ ಆಡುವಂಥದ್ದಲ್ಲ. ಪಕ್ಕದ ಮನೆಯ ಅರ್ಸೆನಿಯಾ ಕ್ರಿಸ್ಮಸ್ಸಿಗೆಂದು ನಾಳೆ ನಮ್ಮೂರು ಲೆಯೋನಿನ ಬಸ್ಸು ಹತ್ತುತ್ತಾಳೆ, ಅವಳ ಕೈಯಲ್ಲಿ ಕಳಿಸುತ್ತಿದ್ದೇನೆ. ಊಟ ಹಾಕಿ ಕಳಿಸು. ಬಾಯಿ ಜೋರು, ಆದರೆ ಮನಸ್ಸು ಒಳ್ಳೆಯದು.

ನೀನು ಕೇಳಿದ್ದು ಒಂದೇ ಮಾತು: "ಅಲ್ಲಿನ ಬಾಳು ಚೆಂದವೋ ಇಲ್ಲಿಂದೋ, ಸುತ್ತಿ ಬಳಸದೆ ಹೇಳು. ಅಲ್ಲೇ ಚೆಂದ ಅಂದ್ರೆ ಹೊಸ ವರ್ಷಕ್ಕೆ ಮಷಿನ್ ಮಾರಿ ಹೊರಟುಬಿಡ್ತೀನಿ." ನಿನ್ನಪ್ಪ ಮೂವತ್ತು ವರ್ಷ ಚಪ್ಪಲಿ ಹೊಲಿದ ಮಷಿನ್ ಅದು. ನನ್ನ ಒಂದು ಮಾತಿಗೆ ಅದು ಮನೆಯಿಂದ ಹೋಗುತ್ತದೆ ಎಂದರೆ ಬಾಯಿಗೆ ಬಂದಂತೆ ಬರೆಯಲು ಆಗುತ್ತದೆಯೇ?

ಮೊದಲು ನೀರು. ಇಲ್ಲಿ ನಲ್ಲಿ ತಿರುಗಿಸಿದರೆ ಬೆಳಗ್ಗೆಯೂ ಬರುತ್ತದೆ, ಮಧ್ಯಾಹ್ನವೂ ಬರುತ್ತದೆ. ನನಗೆ ನಂಬಿಕೆಯೇ ಹುಟ್ಟಲಿಲ್ಲ. ಬಂದ ವಾರವೇ ಎರಡು ಪೀಪಾಯಿ ತಂದು, ನಮ್ಮೂರ ಚಾಳಿಯಂತೆ ತುಂಬಿಟ್ಟೆ. ಬಕೆಟ್, ಬೋಗುಣಿ, ಕಡೆಗೆ ನಿನ್ನ ಮಗಳು ಮೆಲಿದಾಳ ಆಟಿಕೆ ಡಬ್ಬವನ್ನೂ ಬಿಡಲಿಲ್ಲ. ಡೆಂಗ್ಯೂ ಸೊಳ್ಳೆ ಹುಡುಕಲು ಬಂದ ಆರೋಗ್ಯ ಇಲಾಖೆಯವನು ಹಿತ್ತಲು ನೋಡಿ ಹಣೆ ಚಚ್ಚಿಕೊಂಡ.

"ಏನಮ್ಮಾ, ಸೊಳ್ಳೆ ಸಾಕ್ತಿದೀರಾ? ನಲ್ಲೀಲಿ ನೀರಿದೆಯಲ್ಲ!"

"ನಾಳೆ ಬರದೇ ಹೋದ್ರೆ?"

"ಓಹೋ, ನೀವು ನಿಕರಾಗುವಾದವರು! ನಿಮ್ಮವರ ಮನೆ ಹುಡುಕೋಕೆ ವಿಳಾಸವೇ ಬೇಡ, ಪೀಪಾಯಿ ತುಂಬಿದ್ರೆ ಸಾಕು."

ನಗುನಗುತ್ತಲೇ ಎಲ್ಲವನ್ನೂ ಚೆಲ್ಲಿಸಿದ. ಅಷ್ಟು ನೀರು ಚರಂಡಿಗೆ ಹೋಗುವುದನ್ನು ನೋಡಿ ಹೊಟ್ಟೆ ಉರಿಯಿತು ಕಣೋ. ಈಗಲೂ ಒಂದು ಬಕೆಟ್ ತುಂಬಿ ಮಂಚದ ಕೆಳಗೆ ಬಚ್ಚಿಟ್ಟಿದ್ದೇನೆ, ಯಾರಿಗೂ ಹೇಳಬೇಡ.

ಆಮೇಲೆ ಮಗಳ ಉಬ್ಬಸ. ಅಲ್ಲಿದ್ದಾಗ ಅವಳನ್ನು ಸೈಕಲ್ಲಿನಲ್ಲಿ ಕೂರಿಸಿಕೊಂಡು ಔಷಧಿಗಾಗಿ ಅಂಗಡಿ ಅಂಗಡಿ ಅಲೆದಿದ್ದೆಯಲ್ಲ, ಇಲ್ಲಿ ಆ ಪಾಡಿಲ್ಲ. ಬೀದಿಯ ಕೊನೆಯಲ್ಲೇ ಚಿಕಿತ್ಸಾಲಯ. ಹೋದರೆ ಕೂರಿಸಿ, ಮೂಗಿಗೆ ಆವಿ ಕೊಟ್ಟು, ಔಷಧಿಯನ್ನೂ ಕೈಗಿಟ್ಟು ಕಳಿಸುತ್ತಾರೆ. ಈ ವರ್ಷ ಒಂದು ಸಲವೂ ಅವಳ ತುಟಿ ನೀಲಿಯಾಗಿಲ್ಲ. ಹಸಿಂತೋ, ಇದೊಂದಕ್ಕಾಗಿ ಈ ನೆಲಕ್ಕೆ ಮುತ್ತು ಕೊಟ್ಟರೂ ತಪ್ಪಿಲ್ಲ ಎನ್ನಿಸುತ್ತದೆ.

ಇನ್ನು ಇಲ್ಲದ್ದನ್ನು ಹೇಳುತ್ತೇನೆ. ಸಂಜೆ ತೂಗುಕುರ್ಚಿ ಬೀದಿಗೆ ತಂದು ಕೂರುವವರಿಲ್ಲ. ಬಡವರ ಮನೆಗೂ ಕಿಟಕಿ ಬಾಗಿಲಿಗೆಲ್ಲ ಕಬ್ಬಿಣದ ಸರಳು. ಜನ ಕೆಟ್ಟವರಲ್ಲ, ಮಾತು ಬೆಣ್ಣೆ. ನಾನು ಕೆಲಸ ಮಾಡುವ ಮನೆಯ ಒಡತಿ ದೋನ್ಯಾ ಫ್ಲೋರಿ ತಮ್ಮ ನಾಯಿಗೂ "ನೀವು ಸೋಫಾದಿಂದ ಇಳೀರಿ" ಎನ್ನುತ್ತಾರೆ, ಸತ್ಯವಾಗಿ! ಮೊನ್ನೆ ನಾನು ಅನ್ನ, ಕೆಂಪು ಬೀನ್ಸ್ ಕಾಳು ಹಾಕಿ ನಮ್ಮ ಗಾಯೋ ಪಿಂತೋ ಹುರಿದರೆ, "ನುಬಿಯಾ, ಇದನ್ನ ಮೊದಲು ಮಾಡಿದ್ದೇ ನಮ್ಮ ದೇಶದವರು" ಎಂದರು. "ಹೌದಮ್ಮಾ, ನಮ್ಮಜ್ಜಿ ಮಾಡಿಟ್ಟಿದ್ದನ್ನ ಕದ್ದು ತಿಂದವರು" ಎಂದೆ. ಬಿದ್ದು ಬಿದ್ದು ನಕ್ಕರು. ಆದರೆ ಎಲ್ಲರೂ ದೋನ್ಯಾ ಫ್ಲೋರಿಯಲ್ಲ. ಬಸ್ಸಿನಲ್ಲಿ ನಾನು ಬಾಯಿ ಬಿಟ್ಟರೆ ಕೆಲವರು ಚೀಲ ಹತ್ತಿರಕ್ಕೆ ಎಳೆದುಕೊಳ್ಳುತ್ತಾರೆ. ಅದಕ್ಕೇ ಯಾರಾದರೂ ಕೇಳಿದರೆ ಗ್ವಾನಾಕಾಸ್ತೆಯವಳು ಎಂದುಬಿಡುತ್ತೇನೆ. ಅದು ಈ ದೇಶದ್ದೇ ಸೀಮೆ, ಅಲ್ಲಿನವರ ಮಾತು ನಮ್ಮಂತೆಯೇ.

ಏಳನೇ ತಾರೀಖು ಮರಿಯ ಮಾತೆಯ ಹಬ್ಬ ಮಾಡಿದೆ. ಪೀಠ ಕಟ್ಟಿ, ಹೂವಿಟ್ಟು, ಬಂದವರಿಗೆ ಕೊಡಲು ಜೋಳದ ಸಿಹಿ, ಕಬ್ಬಿನ ತುಂಡು, ನಿಂಬೆ ಜೋಡಿಸಿ ಆರು ಗಂಟೆಗೆ ಬಾಗಿಲು ತೆರೆದು ಕೂತೆ. ಅಲ್ಲಾದರೆ ಅಷ್ಟು ಹೊತ್ತಿಗೆ ಬೀದಿ ತುಂಬ ಜನ, ಮನೆಮನೆಯ ಮುಂದೆ ಕೂಗು, ಪಟಾಕಿ! ಇಲ್ಲಿ ಎದುರು ಮನೆಯಾಕೆ ಒಬ್ಬಳು ಇಣುಕಿ "ಯಾರ ಹುಟ್ಟುಹಬ್ಬ?" ಎಂದಳು. ತಡೆಯಲಾಗಲಿಲ್ಲ, ನಾನೇ ಬಾಗಿಲಲ್ಲಿ ನಿಂತು ಗಂಟಲು ಹರಿಯುವಂತೆ, ನಮ್ಮ ಹಬ್ಬದ ಕೂಗನ್ನೇ, "ಇಷ್ಟು ಸಂತೋಷ ಯಾರಿಂದ?" ಎಂದು ಕೂಗಿದೆ. ಮೆಲಿದಾ ಓಡಿಬಂದು ಬಾಗಿಲು ಹಾಕಿದಳು. "ಅಮ್ಮಾ, ಮೆಲ್ಲಗೆ! ಕೇಳಿಸುತ್ತೆ!" ಅರ್ಸೆನಿಯಾ ಮಾತ್ರ ಗೋಡೆಯಾಚೆಯಿಂದ "ಮಾತೆ ಮರಿಯಳಿಂದ!" ಎಂದು ಉತ್ತರ ಕೂಗಿದಳು. ಆಮೇಲೆ ಇಬ್ಬರೂ ಕೂತು ಸಿಹಿಯನ್ನೆಲ್ಲ ತಿಂದು ಹೊಟ್ಟೆ ಕೆಡಿಸಿಕೊಂಡೆವು.

ಹೀಗಿದೆ ಕತೆ. ಅಲ್ಲಿ ಜನವಿದೆ, ಇಲ್ಲಿ ಅನುಕೂಲವಿದೆ. ಮಗಳ ಉಸಿರನ್ನು ತಕ್ಕಡಿಗಿಟ್ಟರೆ ಇಲ್ಲಿನದೇ ತೂಕ. ಬಾ ಎನ್ನುತ್ತೇನೆ. ಚಪ್ಪಲಿ ಹರಿಯದ ದೇಶ ಯಾವುದಿದೆ?

ಹೊತ್ತಿಗೆ ಸರಿಯಾಗಿ ಉಣ್ಣು. ಕಣ್ಣಿಗೆ ಹನಿ ಬಿಟ್ಟುಕೊಳ್ಳುವುದನ್ನು ಮರೆಯಬೇಡ. ತಾಯಿ ಮರಿಯ ನಿನ್ನ ಬೆನ್ನಿಗಿರಲಿ, ನಿನ್ನ ಕೈಗೆ ಕಸುವು ಕೊಡಲಿ.

ನಿನ್ನವಳೇ ಆದ
ನುಬಿಯಾ

ವಿ.ಸೂ.: ಮಡಿಚಿಟ್ಟಿದ್ದನ್ನು ಮತ್ತೆ ಬಿಚ್ಚಿದ್ದೇನೆ. ಇದನ್ನು ಮುಚ್ಚಿಟ್ಟು ನಿನ್ನಿಂದ ಮಷಿನ್ ಮಾರಿಸಿದರೆ ದೇವರು ಮೆಚ್ಚುವುದಿಲ್ಲ. ಶುಕ್ರವಾರ ಶಾಲೆಯಲ್ಲಿ ಅಂಕಪಟ್ಟಿ ಕೊಟ್ಟರು. ಮೆಲಿದಾ ತರಗತಿಗೆ ಎರಡನೆಯವಳು. ಟೀಚರ್ ನನ್ನ ಎರಡೂ ಕೈ ಹಿಡಿದುಕೊಂಡು, "ಪಾಪ, ಅಪ್ಪನ್ನ ಕಳ್ಕೊಂಡೂ ಎಷ್ಟು ಚೆನ್ನಾಗಿ ಓದ್ತಾಳೆ! ಗ್ವಾನಾಕಾಸ್ತೆಯಲ್ಲೇ ತೀರಿಕೊಂಡ್ರಂತಲ್ಲ?" ಎಂದರು. ಸುತ್ತ ಅವಳ ಗೆಳತಿಯರು. ಮಗು ನನ್ನ ಅಂಗಿಯ ತುದಿ ಹಿಡಿದು ಜಗ್ಗಿತು. ನಾನು, "ಹೌದು ಟೀಚರ್, ಮೂರು ವರ್ಷ ಆಯ್ತು" ಎಂದುಬಿಟ್ಟೆ. ನನ್ನ ಬಾಯಾರೆ ಅಂದೆ, ಹಸಿಂತೋ.

ಮನೆಗೆ ಬಂದು ಕೇಳಿದೆ. "ಅಪ್ಪ ಇದಾರೆ ಅಂದ್ರೆ ಎಲ್ಲಿ ಅಂತ ಕೇಳ್ತಾರೆ. ನಾವು ನಿಕಾ, ನಿಕರಾಗುವಾದವರು ಅಂತ ಗೊತ್ತಾದ್ರೆ ನನ್ನ ಪಕ್ಕ ಯಾರೂ ಕೂರಲ್ಲಮ್ಮಾ" ಎಂದು ಬಿಕ್ಕಿದಳು. ಹೊಡೆಯಲು ಎತ್ತಿದ ಕೈ ಹಾಗೇ ಇಳಿಯಿತು. ಸುಳ್ಳನ್ನು ಅವಳು ಕಲಿತದ್ದು ನನ್ನಿಂದ. ಅವಳನ್ನು ಬೈಯಬೇಡ, ಬೈಯುವುದಿದ್ದರೆ ನನ್ನನ್ನು ಬೈ.

ಫೆಬ್ರವರಿಯಲ್ಲಿ ಶಾಲೆ ತೆರೆಯುತ್ತದೆ. ಇದನ್ನು ಓದಿದ ಮೇಲೂ ಬರುವ ಮನಸ್ಸಿದ್ದರೆ ಅಷ್ಟರೊಳಗೆ ಬಾ. ಮೊದಲ ದಿನ ಮೂವರೂ ಹೋಗೋಣ. ಸತ್ತಿದ್ದಾನೆ ಎಂದ ಇದೇ ಬಾಯಿಂದ, ಎಲ್ಲರ ಮುಂದೆ, ನಾನೇ ಹೇಳುತ್ತೇನೆ: ಟೀಚರ್, ಇವನು ನನ್ನ ಗಂಡ, ನಿಕರಾಗುವಾದವನು, ಬದುಕಿದ್ದಾನೆ.