ಆರತಿಯ ಹಿಂದೆ ಓಡದ ಕಣ್ಣು

ಜಯನಗರ,
೧೨-೩-೧೯೬೧

ವಠಾರದ ಸಮಸ್ತ ಮಹಾಜನರೇ, ಮಾತೆಯರೇ, ಮಕ್ಕಳೇ! ರಂಗದ ಮೇಲೆ ಭೀಮನಾಗಿ ಗುಡುಗಿದ ಸೇತುರಾಮನ ನಮಸ್ಕಾರಗಳು.

ಚಕ್ರಪಾಣಿಯವರ ಬೆಳ್ಳಿ ಲೋಟ ಕಾಣೆಯಾದಾಗ, ನೀವೆಲ್ಲ ನನ್ನ ತಮ್ಮ ವಾಸುದೇವನನ್ನು ಅಂಗಳದಲ್ಲಿ ನಿಲ್ಲಿಸಿ ಸತ್ಯಪರೀಕ್ಷೆ ಮಾಡಿದಿರಿ. "ಕದ್ದಿಲ್ಲ ಅಂದ್ರೆ, ಮಂಗಳಾರತಿ ಸುತ್ತೋವರೆಗೂ ದೀಪದಿಂದ ಕಣ್ಣು ತೆಗೀಬೇಡ ಕಣೋ" ಎಂದಿರಿ. ತಟ್ಟೆ ಸುತ್ತಿತು. ಅವನ ಕಣ್ಣು ದೀಪಕ್ಕಿಂತ ಹಿಂದೆ ಬಿತ್ತು, ಥಟ್ಟನೆ ಹಾರಿತು, ಆಮೇಲೆ ಎಲ್ಲೋ ಗೋಡೆಯ ಮೇಲೆ ಹೋಗಿ ಕೂತಿತು. "ನೋಡ್ರೀ, ಕಳ್ಳನ ಕಣ್ಣು!" ಎಂದು ಚಕ್ರಪಾಣಿಯವರ ಹೆಂಡತಿ ಪಂಕಜಮ್ಮ ಕೂಗಿದ್ದೇ ತಡ, ಏಟುಗಳು ಬಿದ್ದವು.

ಗಾಯಕ್ಕೆ ಔಷಧಿ ಹಾಕಿದ ಡಾಕ್ಟರು ಅವನನ್ನು ತುಂಬ ಹೊತ್ತು ಮಾತಾಡಿಸಿ, ಕಣ್ಣ ಮುಂದೆ ಪೆನ್ಸಿಲ್ ಆಡಿಸಿ ನೋಡಿದರು. "ಇದು ಸ್ಕಿಜೋಫ್ರೇನಿಯಾ ಅಂತ, ಮನಸ್ಸಿನ ಕಾಯಿಲೆ. ಗಮನ ನಿಲ್ಲೋದಿಲ್ಲ, ಕಣ್ಣು ಹೀಗೇ ಹಾರುತ್ತೆ. ಕಳ್ಳತನ ಅಲ್ಲ ಕಣ್ರೀ" ಎಂದರು.

ಲೋಟ ನಿನ್ನೆ ಪಂಕಜಮ್ಮನವರ ಅಕ್ಕಿ ಡಬ್ಬದಲ್ಲೇ ಸಿಕ್ಕಿತು. ಆದರೂ ನೀವೆಲ್ಲ ನನ್ನ ಬಾಗಿಲಿಗೆ ಬಂದಿರಿ. "ಲೋಟ ಸಿಕ್ಕಿದ್ರೇನಾಯ್ತು ಸಾರ್? ಅಂಥ ಹುಚ್ಚ ಮನೇಲಿದ್ರೆ ನಿಮ್ಮ ಮಗಳು ವಿಮಲನ್ನ ಯಾರು ಮದುವೆ ಆಗ್ತಾರೆ?" ಎಂದಿರಿ. ಭೀಮ ತಲೆಬಾಗಿ, ತಮ್ಮನನ್ನು ಮನೆಯಿಂದ ಕಳಿಸಲು ಒಪ್ಪಿಬಿಟ್ಟ.

ಒಂದೇ ಬೇಡಿಕೆ. ಅವನು ಹೊರಡುವಾಗ ದಯವಿಟ್ಟು ಯಾರೂ ಹೊರಗೆ ಬಂದು ನಗಬೇಡಿ. ನಾಟಕಕ್ಕೆ ಹೋಗೋಣ ಎಂದು ಅವನಿಗೆ ಹೇಳಿದ್ದೇನೆ. "ನಂಗ್ಯಾವ ಪಾರ್ಟು ಅಣ್ಣಾ?" ಎಂದು ಕೇಳುತ್ತಲೇ ಇದ್ದಾನೆ. ನಾಳೆ ಬೆಳಿಗ್ಗೆ ಅವನಿಗೆ ಮೀಸೆ ಅಂಟಿಸಿ, ಮೊದಲ ಬಸ್ಸಿನಲ್ಲಿ ಕರೆದುಕೊಂಡು ಹೋಗಿ, ಹುಚ್ಚಾಸ್ಪತ್ರೆಯಲ್ಲಿ ಬಿಟ್ಟು ಬರುತ್ತೇನೆ.

ಇಂತಿ,
ಸೇತುರಾಮ