ಗೋಂದು ಹಚ್ಚಿದ ಕಸಿ

ಅಪ್ಪಾ,

ಕಳ್ಳಿಯ ಕಸಿ ಕಿತ್ತುಬಂದದ್ದಕ್ಕೆ ನನಗೆ ಕೋಪವಿಲ್ಲ. ಕೆಂಪು ತಲೆಯನ್ನು ಗೋಂದಿನಿಂದ ಅಂಟಿಸಿ, ಆರು ದಿನ "ಚೆನ್ನಾಗಿ ಹಿಡಿದಿದೆ ಮಗಳೇ" ಅಂದೆಯಲ್ಲ, ಅದಕ್ಕೆ ಕೋಪ. ಕಣ್ಣಾರೆ ನೋಡದೆ ನಂಬಿದ್ದು ನನ್ನ ತಪ್ಪು, ಇವತ್ತು ಊರಿಗೆ ಹೊರಡುವಾಗಷ್ಟೇ ಮುಟ್ಟಿ ನೋಡಿದೆ. ಅದೇನು ನಿನ್ನ ಚಪ್ಪಲಿಯೇ, ಅಂಟಿಸಿದರೆ ಸರಿಹೋಗಲು? ಆ ಕೆಂಪು ತಲೆಯಲ್ಲಿ ತಾನೇ ಆಹಾರ ಮಾಡಿಕೊಳ್ಳುವ ಹಸಿರಿಲ್ಲ, ಬುಡದ ಗಿಡ ಉಣಿಸದಿದ್ದರೆ ಸಾಯುತ್ತದೆ. ನಿನ್ನ ತಂಗಿ ಕೊಟ್ಟ ಗಿಡಗಳಲ್ಲಿ ಉಳಿದಿರುವುದು ಇದೊಂದೇ.

ತಲೆ, ಬುಡ ಎರಡೂ ಕಡೆ ಕೊಳೆಯಲು ಶುರುವಾಗಿದೆ, ನಾನು ವಾಪಸ್ ಬರುವವರೆಗೆ ಕಾಯುವುದಿಲ್ಲ. ನೀನೇ ಮಾಡು. ಚಾಕುವನ್ನು ಸ್ಪಿರಿಟ್‌ನಿಂದ ಒರೆಸು. ಕಂದು ಬಣ್ಣ ಪೂರ್ತಿ ಹೋಗುವವರೆಗೆ ಎರಡನ್ನೂ ತೆಳುತೆಳುವಾಗಿ ಕತ್ತರಿಸುತ್ತಾ ಹೋಗು. ಪ್ರತಿ ಸಲವೂ ಚಾಕು ಒರೆಸು. ಕತ್ತರಿಸಿದ ಕಡೆ ಕಾಣುವ ಒಳಗಿನ ಉಂಗುರಗಳು ಒಂದಕ್ಕೊಂದು ತಾಗುವಂತೆ ಕೂರಿಸಿ, ತಲೆಯ ಮೇಲಿಂದ ಕುಂಡದ ಅಡಿಯವರೆಗೆ ರಬ್ಬರ್‌ಬ್ಯಾಂಡ್ ಹಾಕು. ನೆರಳಲ್ಲಿಡು, ನೀರು ತಾಗಿಸಬೇಡ. ಗೋಂದಿನ ಟ್ಯೂಬ್ ನನ್ನ ಚೀಲದಲ್ಲಿದೆ, ಹುಡುಕಬೇಡ.

ಸಂಜೆ ಫೋನ್ ಮಾಡಿ ಕೇಳುತ್ತೇನೆ. ಬಿದ್ದಿದ್ದರೆ "ಬಿತ್ತು" ಅನ್ನು, ಸಾಕು.